ಹೆಬ್ಬೆಟ್ಟಿನ ಗುರುತು

ಮನೋಧರ್ಮವನ್ನು ಧ್ವನಿಮುದ್ರಿಸುವುದೆಂದರೆ ಹರಿಯುವ ನೀರನ್ನು ಕೊಡದಲ್ಲಿ ಹಿಡಿದಿಟ್ಟಂತೆ ಎಂಬ ಮಾತು ನಮ್ಮ ಸಂಗೀತ ವಿಮರ್ಶೆಯಲ್ಲಿ ಎಷ್ಟು ಸವೆದಿದೆಯೆಂದರೆ, ಅದು ನಿಜವೇ ಎಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಆ ಕ್ಷಣದಲ್ಲಿ ಹುಟ್ಟಿದ್ದು ಆ ಕ್ಷಣದಲ್ಲೇ ಕರಗಬೇಕಂತೆ. ಈ ವಾದವನ್ನು ನಾವು ಒಪ್ಪುವುದಿಲ್ಲ. 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ ಮಾತ್ರ ಹಿಡಿಸುತ್ತಿದ್ದಾಗ ಆಲಾಪನೆ ಮುದುಡಿಕೊಂಡಿತು, ನೆರವಲ್, ಕಲ್ಪನಾಸ್ವರಗಳಿಗೆ ಜಾಗವೇ ಇರಲಿಲ್ಲ. ಅದು ಯಂತ್ರದ ಮಿತಿ, ಒಪ್ಪಿಕೊಳ್ಳೋಣ. ಆದರೆ ಲಾಂಗ್‌ಪ್ಲೇ ಬಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕ ಮೇಲೂ ಯಾವುದು ಉಳಿಯಬೇಕು, ಎಲ್ಲಿ ಕತ್ತರಿಸಬೇಕು ಎಂದು ಹೇಳುವ ಅಧಿಕಾರ ಮುದ್ರಿಸುವ ಕಂಪನಿಯ ಕೈಯಲ್ಲೇ ಉಳಿಯಿತು. ಮನೋಧರ್ಮಕ್ಕೆ ಕೇಡು ಬಂದದ್ದು ಅಲ್ಲಿಂದ. ನಮ್ಮ ವಿಮರ್ಶಕರು ಶ್ರುತಿ ಕೂದಲೆಳೆಯಷ್ಟು ಜಾರಿದರೂ ಹಿಡಿಯುತ್ತಾರೆ. ಆ ಮುದ್ರಿಕೆಯ ಹಕ್ಕು ಯಾರದು ಎಂದು ಮಾತ್ರ ಕೇಳುವುದಿಲ್ಲ. ವರ್ಷಗಳಿಂದ ನಾವು ಈ ಪ್ರಶ್ನೆ ಎತ್ತುತ್ತಲೇ ಬಂದಿದ್ದೇವೆ, ಈ ಸಲವೂ ಬಿಡುವುದಿಲ್ಲ.

ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೈಲಿ ಅವರ ಬದುಕನ್ನು ಇದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುತ್ತೇವೆ. 1930ರಲ್ಲಿ ಶೆಫೀಲ್ಡಿನಲ್ಲಿ ಹುಟ್ಟಿದ ಅವರು ವರ್ಷಗಟ್ಟಲೆ ನೃತ್ಯಶಾಲೆಗಳಲ್ಲಿ, ರಂಗಮಂದಿರಗಳಲ್ಲಿ, ಸ್ಟುಡಿಯೋಗಳಲ್ಲಿ ಕೂಲಿಗೆ ನುಡಿಸಿದವರು. ಹೇಳಿದ್ದನ್ನು ಹೇಳಿದ ಹಾಗೆ ನುಡಿಸುವ ಕೆಲಸದ ಒಳಹೊರಗು ಅವರಿಗೆ ಗೊತ್ತಿತ್ತು. 1963ರಿಂದ 1966ರವರೆಗೆ ಗ್ಯಾವಿನ್ ಬ್ರಯರ್ಸ್, ಟೋನಿ ಆಕ್ಸ್‌ಲಿ ಜೊತೆ ಸೇರಿ ಶೆಫೀಲ್ಡಿನ ಪಬ್ಬೊಂದರ ಮಹಡಿಯಲ್ಲಿ ಅವರು ನುಡಿಸಿದರು. ಜ್ಯಾಝ್‌ನಿಂದ ಹೊರಟ ಆ ಮೂವರು ಮೊದಲು ಲಯದ ಎಣಿಕೆಯನ್ನು ಸಡಿಲಿಸಿದರು, ಆಮೇಲೆ ಸ್ವರಮೇಳದ ಚೌಕಟ್ಟನ್ನೂ ಕಳಚಿದರು. ಯುರೋಪಿನ ಮುಕ್ತ ವಾದನದ ಬೇರು ಹುಡುಕುವವರೆಲ್ಲ ಆ ಮಹಡಿ ಹತ್ತಲೇಬೇಕು. ಆದರೆ ಹತ್ತಿದರೆ ಸಿಗುವುದೇನು? 1965ರ ಅಭ್ಯಾಸದ ಹೊತ್ತಿನ, ಹತ್ತು ನಿಮಿಷದಷ್ಟು ಉದ್ದದ ಒಂದು ಟೇಪು. ಅದರಲ್ಲೂ ಅವರು ನುಡಿಸುತ್ತಿರುವುದು ಜಾನ್ ಕೋಲ್ಟ್ರೇನರ ರಚನೆ. ಮೂರು ವರ್ಷದ ಹುಡುಕಾಟದಲ್ಲಿ ಮಿಕ್ಕದ್ದೆಲ್ಲ ನೆನಪು, ದಂತಕಥೆ. ಕರಗಿಹೋಗುವುದೇ ಶ್ರೇಷ್ಠ ಎನ್ನುವವರು ಈ ನಷ್ಟದ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

1970ರಲ್ಲಿ ಬೈಲಿ, ಸ್ಯಾಕ್ಸೊಫೋನ್ ವಾದಕ ಇವಾನ್ ಪಾರ್ಕರ್, ಆಕ್ಸ್‌ಲಿ ಸೇರಿ ಲಂಡನ್ನಿನಲ್ಲಿ ಇಂಕಸ್ ಎಂಬ ಸ್ವಂತ ಮುದ್ರಣಸಂಸ್ಥೆ ಕಟ್ಟಿದರು. ಮೊದಲ ಪ್ಲೇಟು ಪಾರ್ಕರ್, ಬೈಲಿ, ಹಾನ್ ಬೆನ್ನಿಂಕ್ ಮೂವರ 'ದಿ ಟೊಪೊಗ್ರಫಿ ಆಫ್ ದಿ ಲಂಗ್ಸ್'. ಬೆನ್ನಿಗೇ ಬೈಲಿಯವರ 'ಸೋಲೋ ಗಿಟಾರ್'. 1973ರಲ್ಲಿ ಪುಟ್ಟ ಸುರುಳಿ ಟೇಪುಗಳಲ್ಲಿ ಏಕವ್ಯಕ್ತಿ ವಾದನವನ್ನು ಮಾರಿದರು. ಕೊನೆಕೊನೆಗೆ ಖಾಲಿ ಸಿಡಿಗಳಿಗೆ ಪ್ರತಿ ಮಾಡಿ ಕೊಡುತ್ತಿದ್ದರು. ಅಂಗಡಿಯವರು ಕೇಳುವ ರಾಗ, ಹಾಡು, ತಾಳ ಯಾವುದೂ ಇಲ್ಲದ ಸಂಗೀತ ಇಷ್ಟು ವರ್ಷ ಹೊರಬರುತ್ತ ಹೋದದ್ದು ಬಾಗಿಲ ಕೀಲಿ ನುಡಿಸುವವರ ಬಳಿಯೇ ಇದ್ದುದರಿಂದ. ಹಾಗೆಂದು ಕಲಾವಿದರ ಒಡೆತನ ಎಲ್ಲ ರೋಗಕ್ಕೂ ಮದ್ದು ಎಂದು ನಾವು ಹೇಳುವುದಿಲ್ಲ. 1980ರ ದಶಕದಲ್ಲಿ ಪಾರ್ಕರ್ ಇಂಕಸ್ ಬಿಟ್ಟರು. ಆ ಮೊದಲ ಪ್ಲೇಟೇ ದೀರ್ಘಕಾಲ ಕೊಳ್ಳಲು ಸಿಗದಂತಾಯಿತು. ಬೈಲಿ ತೀರಿಕೊಂಡ ಮೇಲೆ, 2006ರಲ್ಲಿ, ಪಾರ್ಕರ್ ತಮ್ಮ ಸ್ವಂತ ಸಂಸ್ಥೆಯಿಂದ ಅದನ್ನು ಮತ್ತೆ ತಂದರು. ಗೆಳೆಯರ ನಡುವಿನ ಬಿರುಕು ಕೂಡ ಸಂಗೀತವನ್ನು ಮುಚ್ಚಿಡಬಲ್ಲದು. ಆದರೂ ಅದನ್ನು ಮತ್ತೆ ಬೆಳಕಿಗೆ ತಂದದ್ದು ಅದನ್ನು ನುಡಿಸಿದವನೇ ಎಂಬುದು ಗಮನಿಸಬೇಕಾದ ಸಂಗತಿ.

ರಾಗವಿಲ್ಲ, ತಾಳವಿಲ್ಲ, ಇದು ಮನೋಧರ್ಮವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಮತ್ತು ಅದನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಬೈಲಿಯವರೂ ಒಬ್ಬರು. 1980ರಲ್ಲಿ ಬಂದ ಅವರ ಪುಸ್ತಕ 'ಇಂಪ್ರೊವೈಸೇಷನ್' ಶುರುವಾಗುವುದೇ ಭಾರತೀಯ ಸಂಗೀತದಿಂದ. ಒಂದು ಪರಂಪರೆಯ ನುಡಿಗಟ್ಟಿನೊಳಗೆ ನಡೆಯುವ ವಾದನ ಬೇರೆ, ಯಾವ ನುಡಿಗಟ್ಟಿಗೂ ಸೇರದ ವಾದನ ಬೇರೆ ಎಂದು ಗೆರೆ ಎಳೆದವರೂ ಅವರೇ. ತೋಡಿಯ ಆಲಾಪನೆಯನ್ನೂ ಬೈಲಿಯವರ ಗಿಟಾರನ್ನೂ ಒಂದೇ ತಕ್ಕಡಿಗೆ ಹಾಕುವುದು ಎರಡಕ್ಕೂ ಅನ್ಯಾಯ. ಆದರೆ ಬಾಯಿಗೆ ಬಂದದ್ದು ಹಾಡಿದ ಹಾಗೆ ಕೈಗೆ ಬಂದದ್ದು ನುಡಿಸುತ್ತಾನೆ ಎಂಬ ಆರೋಪ ಅವರ ಮುದ್ರಿಕೆಗಳ ಮುಂದೆ ನಿಲ್ಲುವುದಿಲ್ಲ. ಬಿಟ್ಟ ತಂತಿಯ ನಾದದ ಪಕ್ಕದಲ್ಲೇ ಗಂಟೆಯಂತೆ ಮಿನುಗುವ ಹಾರ್ಮೋನಿಕ್ಸ್, ಅಲ್ಲಿಂದ ಒಮ್ಮೆಗೇ ದೂರದ ಸ್ವರಕ್ಕೆ ನೆಗೆತ, ಪೆಡಲ್ ಒತ್ತಿ ಮೀಟಿನ ಪೆಟ್ಟನ್ನೇ ಅಳಿಸಿ ಬರಿಯ ನಾದವನ್ನು ಉಬ್ಬಿಸುವ ರೀತಿ: ಇದು ದಿನದಿನದ ಸಾಧನೆಯಿಂದ ಕೂಡಿಟ್ಟ ಶಬ್ದಭಂಡಾರ. ಹತ್ತು ಮುದ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ಕೇಳಿದಾಗಲೇ ಈ ಭಂಡಾರ ಕಿವಿಗೆ ಬೀಳುವುದು. ಬೈಲಿಗೇ ಪ್ಲೇಟಿನ ಬಗ್ಗೆ ಅನುಮಾನವಿತ್ತಲ್ಲ ಎಂದು ಎದುರು ಹೇಳಬಹುದು. ಇತ್ತು, ಅದನ್ನು ಅವರು ಪುಸ್ತಕದಲ್ಲಿ ಮುಚ್ಚಿಡಲಿಲ್ಲ. ಪ್ಲೇಟು ಕಛೇರಿಯ ಜಾಗ ಹಿಡಿಯಲಾರದು ಎಂದು ತಿಳಿದಿದ್ದೇ ಅವರು ಸಾಯುವವರೆಗೂ ಮುದ್ರಿಸಿದರು.

ನಮ್ಮ ವಾದದ ಗಟ್ಟಿ ಪುರಾವೆ 2005ರಲ್ಲಿ ಬಂದ 'ಕಾರ್ಪಲ್ ಟನಲ್'. ನ್ಯೂಯಾರ್ಕಿನಲ್ಲಿ ಜಾನ್ ಝೋರ್ನ್ ನಡೆಸುವ ಝಾಡಿಕ್ ಸಂಸ್ಥೆ ಅದನ್ನು ಹೊರತಂದಿತು. ಅದೂ ವಾದಕನೊಬ್ಬನ ಮನೆಯೇ. ಆ ಹೊತ್ತಿಗೆ ಬೈಲಿ ಬಾರ್ಸಿಲೋನಾದಲ್ಲಿದ್ದರು. ಬಲಗೈ ಮಾತು ಕೇಳುತ್ತಿರಲಿಲ್ಲ, ಪ್ಲೆಕ್ಟ್ರಮ್ ಬೆರಳ ಸಂದಿಯಲ್ಲಿ ನಿಲ್ಲುತ್ತಿರಲಿಲ್ಲ. ಮಣಿಕಟ್ಟಿನ ನರದ ತೊಂದರೆ ಎಂದು ಮೊದಲು ತಿಳಿದದ್ದು ಮೋಟಾರ್ ನ್ಯೂರಾನ್ ಕಾಯಿಲೆಯಾಗಿತ್ತು. ಶಸ್ತ್ರಚಿಕಿತ್ಸೆಯ ಗೊಡವೆಗೆ ಹೋಗದೆ, ಹೆಬ್ಬೆರಳಿನಿಂದಲೇ ತಂತಿ ಮೀಟುವ ದಾರಿಯನ್ನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಹೊಸದಾಗಿ ಹುಡುಕಿಕೊಂಡರು. ಮೊದಲ ತುಣುಕಿನಲ್ಲಿ ನುಡಿಸುತ್ತಲೇ ಇದನ್ನೆಲ್ಲ ಮಾತಿನಲ್ಲಿ ವಿವರಿಸುತ್ತಾರೆ. ಮುಂದಿನ ತುಣುಕುಗಳಿಗೆ ವಾರಗಳದ್ದೇ ಹೆಸರು: ಮೂರು ವಾರದ ನಂತರ, ಐದು, ಏಳು, ಒಂಬತ್ತು, ಹನ್ನೆರಡು. ಸ್ವರಗಳು ಒಂದೊಂದಾಗಿ, ಬಿಡಿಬಿಡಿಯಾಗಿ, ನಡುವೆ ಉದ್ದನೆಯ ಮೌನದೊಂದಿಗೆ ಬರುತ್ತವೆ. ಹಳೆಯ ಬಿರುಸಿಲ್ಲ, ಮೀಟಿನಲ್ಲಿ ಚರ್ಮದ ಮೆದುವಿದೆ. ಕೈ ಸೋಲುತ್ತಿರುವ ವಾದಕನ ಇಂಥ ಅಭ್ಯಾಸವನ್ನು ಯಾವ ದೊಡ್ಡ ಕಂಪನಿ ಕೇಳಿ ಮಾಡಿಸುತ್ತಿತ್ತು? ಮುದ್ರಿಸದೆ ಹೋಗಿದ್ದರೆ ಮೂರನೆಯ ವಾರವನ್ನು ಹನ್ನೆರಡನೆಯ ವಾರದ ಪಕ್ಕ ಇಟ್ಟು ಯಾರು ಕೇಳುತ್ತಿದ್ದರು? ಅದೇ ವರ್ಷ ಡಿಸೆಂಬರ್ 25ರಂದು ಬೈಲಿ ತೀರಿಕೊಂಡರು.