ಅದಿರಿಲ್ಲದ ಗಣಿ

ಕುದುರೆಮುಖದವರಿಗೆ ಗಣಿ ಎಂದರೆ 2005ರ ಕೊನೆಗೆ ನಿಂತುಹೋದ ಕಬ್ಬಿಣದ ಅದಿರಿನ ಗಣಿ. ಮಕ್ಕಳು ‘ಬಿಟ್‌ಕಾಯಿನ್ ಗಣಿಗಾರಿಕೆ’ ಎಂದರೆ ಪಾಲಕರು ಗಾಬರಿಯಾಗುವುದು ಸಹಜ. ಆದರೆ ನಾಣ್ಯ ಕೊಳ್ಳುವುದು ಬೇರೆ, ಅದರ ತಂತ್ರಾಂಶ ಕಲಿಯುವುದು ಬೇರೆ. ಮೊದಲನೆಯದರಲ್ಲಿ ಲಾಭ ಬಂದರೆ ಶೇ 30 ತೆರಿಗೆ, ನಷ್ಟವಾದರೆ ಕೇಳುವವರಿಲ್ಲ. ಎರಡನೆಯದಕ್ಕೆ ಬಿಡಿಗಾಸೂ ಬೇಡ.

2009ರ ಜನವರಿಯಲ್ಲಿ ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಮೊದಲ ಆವೃತ್ತಿ ವಿಂಡೋಸ್‌ಗೆಂದೇ ಇತ್ತು. ಆದರೂ ಇಂದು ವಿಂಡೋಸ್ ಒಳಗೇ ಲಿನಕ್ಸ್ ಹಾಕಿಕೊಳ್ಳುವುದು ಸುಲಭ. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷಿನಲ್ಲಿ ‘ಡಬ್ಲ್ಯುಎಸ್‌ಎಲ್’ ಎಂದು ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆಯ ಜತೆ ‘ಇನ್‌ಸ್ಟಾಲ್’ ಎಂದರೆ ಉಬುಂಟು ಬಂದು ಕೂರುತ್ತದೆ. ಅದರೊಳಗೆ ಗಿಟ್, ಸಿಮೇಕ್, ಸಿ ಪ್ಲಸ್ ಪ್ಲಸ್ ಕಂಪೈಲರ್ ಹಾಕಿಕೊಳ್ಳಿ. ಕಡತಗಳು ಸಿ ಡ್ರೈವಿನಲ್ಲಿ ಬೇಡ, ಉಬುಂಟುವಿನ ಹೋಮ್ ಫೋಲ್ಡರಿನಲ್ಲಿರಲಿ, ಇಲ್ಲವಾದರೆ ಆಮೆಗತಿ.

ಕಳಸ, ಮೂಡಿಗೆರೆಯ ಮಳೆಗಾಲದಲ್ಲಿ ನೆಟ್‌ವರ್ಕ್ ಬಂದಷ್ಟೇ ಬಂತು. ಗಿಟ್‌ಗೆ ‘ಡೆಪ್ತ್ 1’ ಎಂದು ಹೇಳಿದರೆ ಹಳೆಯ ಇತಿಹಾಸ ಬಿಟ್ಟು ಇತ್ತೀಚಿನ ಪ್ರತಿ ಮಾತ್ರ ಇಳಿಯುತ್ತದೆ. ನೂರಾರು ಗಿಗಾಬೈಟಿನ ಬ್ಲಾಕ್‌ಚೈನ್ ಇಳಿಸುವ ಗೋಜೇ ಬೇಡ. ‘ರೆಗ್‌ಟೆಸ್ಟ್’ ಎಂಬ ವಿಧಾನದಲ್ಲಿ ನಿಮ್ಮ ಗಣಕವೇ ಒಂದು ಪುಟ್ಟ ಜಾಲ. 101 ಬ್ಲಾಕ್ ತೋಡಿ ಎಂದರೆ ಕ್ಷಣದಲ್ಲಿ ತೋಡುತ್ತದೆ. ಆಗ ಮೊದಲ ಬ್ಲಾಕಿನ 50 ನಾಣ್ಯ ಖರ್ಚಿಗೆ ಸಿದ್ಧ, ಒಂದು ಲೋಟ ಕಾಫಿಯೂ ಬಾರದ ನಾಣ್ಯ! ಕಲಿಯಲು ಅಷ್ಟೇ ಸಾಕು.

ಪಾಲಕರು ನೋಡಬೇಕಾದದ್ದು ಒಂದೇ: ಈ ಗಣಕದಲ್ಲಿ ನಿಜವಾದ ಹಣದ ವ್ಯಾಲೆಟ್ ಇರಬಾರದು. ವ್ಯಾಲೆಟ್ಟಿನ 12 ಅಥವಾ 24 ಗುಪ್ತ ಪದಗಳನ್ನು ‘ಸಹಾಯ ಮಾಡುತ್ತೇವೆ’ ಎಂದು ಕೇಳುವವರು ಕಳ್ಳರೇ.