ಆನೆಯ ತೂಕ ಗೊತ್ತು, ಟಿಬಿ ರಿಪೋರ್ಟ್ ಎಲ್ಲಿ?

(1/5)
ದಸರಾ ಬಂತು ಅಂದ್ರೆ ಫೀಡ್ ತುಂಬ ಆನೆಗಳ ತೂಕ. ಅಭಿಮನ್ಯು ಎಷ್ಟು ಕೆಜಿ, ಹೋದ ವರ್ಷಕ್ಕಿಂತ ಎಷ್ಟು ಜಾಸ್ತಿ, ಎಲ್ಲ ನಮಗೆ ಬಾಯಿಪಾಠ. 2022ರಲ್ಲಿ ಲಕ್ಷ್ಮಿ ಅರಮನೆ ಆವರಣದಲ್ಲೇ ಮರಿ ಹಾಕಿದ ಮೇಲೆ ಹೆಣ್ಣಾನೆಗಳಿಗೆ ಗರ್ಭಪರೀಕ್ಷೆಯೂ ಶುರುವಾಯ್ತು. ಒಳ್ಳೇದೇ. ಅದೇ ಆನೆಗಳ ಟಿಬಿ ರಿಪೋರ್ಟ್ ಯಾವತ್ತಾದ್ರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ತೂಕ ಹೇಳೋರು ಇದನ್ನೂ ಹೇಳಬೇಕು.

(2/5)
"ಆನೆಗೂ ಟಿಬಿನಾ?" ಅಂತ ಕಾಮೆಂಟ್ ಹಾಕೋ ಮುಂಚೆ ಓದಿ. ನಾಗರಹೊಳೆಯಲ್ಲಿ ಸತ್ತ ಕಾಡಾನೆಯೊಂದರ ಶ್ವಾಸಕೋಶದಲ್ಲಿ ಗಂಟುಗಳು ಸಿಕ್ಕಿದ್ವು. ಪಿಸಿಆರ್ ಮಾಡಿದ್ರೆ ಟಿಬಿ ರೋಗಾಣು. 2017ರಲ್ಲಿ ಇದು ಜರ್ನಲ್‌ನಲ್ಲಿ ಬಂದಿದೆ. ಅದೇ ವರ್ಷ ದಕ್ಷಿಣ ಭಾರತದ ಇನ್ನೂ 3 ಕಾಡಾನೆಗಳ ವರದಿಯೂ ಬಂತು. ದನದ ಟಿಬಿ ಅಲ್ಲ ಸ್ವಾಮಿ, ಮನುಷ್ಯರದ್ದೇ. ನಮ್ಮ ಕೆಮ್ಮು ಕಾಡಿಗೆ ಹೋಗಿದೆ.

(3/5)
ರಕ್ತ ಪರೀಕ್ಷೆನೇ ಯಾಕೆ? ದೊಡ್ಡ ಆನೆಯ ಎದೆಗೆ ಎಕ್ಸ್‌ರೇ ಸಾಲಲ್ಲ. ಕಫ ಕೊಡು ಅಂದ್ರೆ ಕೊಡಲ್ಲ. ಅದಕ್ಕೆ ಸೊಂಡಿಲಿಗೆ ಸಲೈನ್ ಹಾಕಿ, ಮೇಲೆತ್ತಿಸಿ, ಚೀಲಕ್ಕೆ ಊದಿಸಿ, ಆ ನೀರನ್ನು ಲ್ಯಾಬಲ್ಲಿ ವಾರಗಟ್ಟಲೆ ಕಲ್ಚರ್ ಮಾಡ್ತಾರೆ. ಪಳಗಿದ ಆನೆ ಮಾಡುತ್ತೆ, ಕಾಡಾನೆ ಹತ್ರ ಈ ಆಟ ನಡೆಯಲ್ಲ. ಅದೂ ಅಲ್ಲದೆ ರೋಗಾಣು ದಿನಾ ಹೊರಗೆ ಬರಲ್ಲ. ಅವತ್ತು ಬರಲಿಲ್ವಾ, ರಿಪೋರ್ಟ್ ಕ್ಲೀನ್! ಕಿವಿ ಹಿಂದಿನ ನಾಳದಿಂದ ತೆಗೆದ ರಕ್ತದಲ್ಲಾದರೆ ರೋಗಾಣು ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕಬಹುದು.

2012ರ ಒಂದು ಅಧ್ಯಯನದಲ್ಲಿ ದಕ್ಷಿಣ ಭಾರತದ 600 ಸಾಕಾನೆಗಳ ರಕ್ತ ಪರೀಕ್ಷಿಸಿದ್ರು. ಅದರಲ್ಲಿ 179 ಮಾದರಿಗಳನ್ನು ಆರಿಸಿ 5 ಬಗೆಯ ಪರೀಕ್ಷೆಗೆ ಹಾಕಿದಾಗ, ಐದರಲ್ಲೂ ಪಾಸಿಟಿವ್ ಅಂದಾಜು ಶೇ 16. ಆದರೆ ಪಾಸಿಟಿವ್ ಆನೆಗಳಲ್ಲಿ ಕೆಲವನ್ನು ಆರಿಸಿ ಸೊಂಡಿಲಿನ ನೀರು ಕಲ್ಚರ್ ಮಾಡಿದ್ರೆ ಒಂದರಲ್ಲೂ ರೋಗಾಣು ಬೆಳೆಯಲಿಲ್ಲ.

"ಹಾಗಾದ್ರೆ ಟೆಸ್ಟೇ ಸುಳ್ಳು" ಅನ್ನೋರಿಗೆ ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೂ ಒಳಗೆ ತಪ್ಪು ಇರಬಹುದು, ಅಂತ ಟ್ರಯಲ್ ಬ್ಯಾಲೆನ್ಸ್ ಹಾಕೋದೇ ಬಿಡ್ತೀವಾ? ಪಾಸಿಟಿವ್ ಬಂದ ಆನೆ ನಾಳೆ ಸಾಯುತ್ತೆ ಅಂತಲ್ಲ. ಅದನ್ನು ಜನರಿಂದ ದೂರ ಇಡಿ, ಮತ್ತೆ ಮತ್ತೆ ಪರೀಕ್ಷೆ ಮಾಡಿ, ಬೇಕಾದ್ರೆ ಔಷಧಿ ಕೊಡಿ ಅಂತ. ಸರಪಳಿ ಹಾಕಿ ಮೂಲೆಗೆ ತಳ್ಳೋಕೆ ಅದು ಲೈಸೆನ್ಸ್ ಅಲ್ಲ.

(4/5)
ಈಗ ಕಹಿ ವಿಷಯ. ಆನೆಯ ರಕ್ತ ಮಾತ್ರ ನೋಡಿದ್ರೆ ಅರ್ಧ ಕೆಲಸ. ಅಮೆರಿಕದ ಇಲಿನಾಯ್‌ನ ಫಾರ್ಮ್ ಒಂದರಲ್ಲಿ 1994ರಿಂದ 1996ರ ನಡುವೆ 3 ಆನೆ ಟಿಬಿಯಿಂದ ಸತ್ತವು. ಅಲ್ಲಿನ 22 ನೌಕರರನ್ನು ಪರೀಕ್ಷಿಸಿದ್ರೆ 11 ಜನರ ಚರ್ಮಪರೀಕ್ಷೆ ಪಾಸಿಟಿವ್. ಒಬ್ಬರಿಗೆ ರೋಗವೇ ಇತ್ತು, ಆನೆಗಳಲ್ಲಿದ್ದ ಅದೇ ತಳಿ.

ನಮ್ಮ ಶಿಬಿರಗಳ ಮಾವುತರು, ಕಾವಾಡಿಗಳು ಹಗಲೆಲ್ಲ ಆನೆ ಮೈಗೆ ಮೈ ತಾಗಿಸಿ ಬದುಕೋರು. ಎಷ್ಟೋ ಜನ ಜೇನುಕುರುಬರು. ಅವರನ್ನು ದೂರಬೇಡಿ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ರೋಗ ಬಂದ್ರೆ ಸಂಬಳ ಕತ್ತರಿಸದೆ ರಜೆ ಕೊಡಿ, ಇಲ್ದಿದ್ರೆ ಯಾರು ಹೇಳ್ಕೋತಾರೆ? ಇನ್ನು ನಾವು! ದುಬಾರೆಯಲ್ಲಿ ಸೊಂಡಿಲು ತಬ್ಬಿ ರೀಲ್ಸ್. ದೇವಸ್ಥಾನದ ಆನೆ ಆಶೀರ್ವಾದ ಅಂತ ದಿನಕ್ಕೆ ಎಷ್ಟು ತಲೆ ಮುಟ್ಟುತ್ತೆ, ಎಷ್ಟು ಕೆಮ್ಮು ಉಸಿರಾಡುತ್ತೆ, ಲೆಕ್ಕ ಹಾಕಿ.

(5/5)
ಶಿಬಿರದ ಆನೆಗಳನ್ನು ರಾತ್ರಿ ಮೇಯೋಕೆ ಕಾಡಿಗೆ ಬಿಡ್ತಾರೆ. ಕಾಡಾನೆಗಳು ಇರೋದೂ ಅಲ್ಲೇ. ಹಾಸನ, ಕೊಡಗಿನಲ್ಲಿ ರೇಡಿಯೋ ಕಾಲರ್ ಹಾಕೋಕೆ, ಸ್ಥಳಾಂತರ ಮಾಡೋಕೆ ಕಾಡಾನೆಗೆ ಅರಿವಳಿಕೆ ಕೊಟ್ಟೇ ಕೊಡ್ತಾರೆ. ಆಗ ಒಂದು ಟ್ಯೂಬ್ ರಕ್ತ ತೆಗೆದು ಟಿಬಿಗೆ ಕಳಿಸಲಿ. ರಿಪೋರ್ಟ್ ಬರೋ ತನಕ ಸೆರೆಹಿಡಿದ ಆನೆಯನ್ನು ಬೇರೆ ಆನೆಗಳ ಪಕ್ಕ ಕಟ್ಟೋದು ಬೇಡ.

ಆರ್‌ಟಿಐ ಅರ್ಜಿಗೆ 10 ರೂಪಾಯಿ. ಮೂರೇ ಪ್ರಶ್ನೆ: ಕಳೆದ 3 ವರ್ಷದಲ್ಲಿ ಎಷ್ಟು ಶಿಬಿರದ ಆನೆಗಳಿಗೆ ಟಿಬಿ ರಕ್ತ ಪರೀಕ್ಷೆ ಆಗಿದೆ? ಎಷ್ಟು ಪಾಸಿಟಿವ್, ಆಮೇಲೆ ಏನು ಮಾಡಿದ್ರಿ? ಎಷ್ಟು ಮಾವುತರು, ಕಾವಾಡಿಗಳ ತಪಾಸಣೆ ಆಗಿದೆ? ಡ್ರಾಫ್ಟ್ ಬೇಕಾದೋರು ಸ್ಟೋರಿಗೆ ರಿಪ್ಲೈ ಮಾಡಿ, ಕಳಿಸ್ತೀನಿ.

#ಆನೆಗೂಟಿಬಿ #ರಿಪೋರ್ಟ್‌ಎಲ್ಲಿ