ಬಾವಲಿಯಿಂದ ಕಂಡ ಕೋಲಾರ

ಕೋಲಾರದಲ್ಲಿ ಚಿನ್ನ ಸಿಕ್ಕಿದ್ದು ಬ್ರಿಟಿಷರ ಛಲದಿಂದ, ವಯನಾಡಿನಲ್ಲಿ ದುಡ್ಡು ಮುಳುಗಿದ್ದು ಅವರ ದುರಾಸೆಯಿಂದ ಎಂದು ಹೇಳುವ ರೂಢಿಯಿದೆ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿ ಗಡಿ ದಾಟಿದೊಡನೆ ಸಿಗುವ ಬಾವಲಿಯಂಥ ಊರಿಗೆ ಎರಡೂ ನೆರೆಮನೆಯ ಕಥೆಗಳೇ. ಅಲ್ಲಿ ನಿಂತು ನೋಡಿದರೆ ಈ ಹಂಚಿಕೆ ಅಷ್ಟು ಸರಿ ಕಾಣುವುದಿಲ್ಲ.

ಚಿನ್ನದ ಹುಚ್ಚು ಹಿಡಿದದ್ದು ಬಾವಲಿಯ ಆಗ್ನೇಯಕ್ಕಿರುವ ದೇವಾಲ, ಪಂದಲೂರುಗಳಿಗೆ. 1877ರಲ್ಲಿ ನೀಲಗಿರಿಗೆ ಸೇರುವವರೆಗೆ ಅವು ವಯನಾಡಿನವೇ. ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವುದು ಅಲ್ಲಿನ ಕುರುಂಬರಿಗೆ ಹಳೆಯ ಕೆಲಸ. 1879ರಲ್ಲಿ ಆಸ್ಟ್ರೇಲಿಯಾದ ಬ್ರೋ ಸ್ಮಿತ್ ಬಂದು ಪರೀಕ್ಷಿಸಿ ಭರವಸೆಯ ವರದಿ ಕೊಟ್ಟ ಮೇಲೆ ಲಂಡನ್ನಿನಲ್ಲಿ ಷೇರುಗಳು ಬಿಸಿಬಿಸಿಯಾಗಿ ಖರ್ಚಾದವು. ಮೂವತ್ತಕ್ಕೂ ಹೆಚ್ಚು ಕಂಪನಿಗಳು, ನಲವತ್ತು ಲಕ್ಷ ಪೌಂಡ್‌ಗೂ ಮೀರಿದ ಬಂಡವಾಳ. ಘಟ್ಟದ ಮೇಲೆ ಯಂತ್ರ ಹೊರಿಸಿ ಕಲ್ಲು ಪುಡಿ ಮಾಡಿದರೆ ದಕ್ಕಿದ್ದು ಟನ್ನಿಗೆ ಕೆಲವೇ ಗ್ರಾಂ. ಕೆಲವೇ ವರ್ಷಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದವು.

1880ರಲ್ಲಿ, ಅದೇ ಪೇಟೆಯ ಅದೇ ಉಮೇದಿನಲ್ಲಿ ಹುಟ್ಟಿದ್ದು ಕೋಲಾರದ ಮೈಸೂರು ಮೈನಿಂಗ್ ಕಂಪನಿ. ಅದರ ದುಡ್ಡೂ ಕರಗುತ್ತ ಬಂತು. ಸುಮಾರು 13,000 ಪೌಂಡ್ ಉಳಿದಾಗ, ಸಾಕು ಮುಚ್ಚಿಬಿಡೋಣ ಎಂದವರು ಷೇರುದಾರರೇ. ಗಣಿ ಎಂಜಿನಿಯರ್ ಜಾನ್ ಟೇಲರ್ ಮುಂದುವರಿಯೋಣವೆಂದು ಆ ಷೇರುದಾರರನ್ನು ಒಪ್ಪಿಸಿದರು. ಟೇಲರ್ ಕಳಿಸಿದ ಕ್ಯಾಪ್ಟನ್ ಪ್ಲಮ್ಮರ್ ಹಳೆಯ ಕಾಲದವರು ತೋಡಿಬಿಟ್ಟಿದ್ದ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಇಳಿದರು. ಅಲ್ಲಿ ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. ಮುಂದೆ 2001ರಲ್ಲಿ ಮುಚ್ಚುವವರೆಗೆ ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ.

ಟೇಲರ್ ಪಟ್ಟು ಹಿಡಿದದ್ದು ಛಲವೇ ಅಲ್ಲವೇ ಎಂದು ಕೇಳಬಹುದು. ಹೌದು, ಛಲವೇ. ಆದರೆ ಪ್ಲಮ್ಮರ್ ಇಳಿದ ಕಡೆ ಬರಿಗಲ್ಲೇ ಸಿಕ್ಕಿದ್ದರೆ ಅದೇ ಪಟ್ಟನ್ನು ನಾವು ಜೂಜು ಎಂದು ಬರೆದಿಡುತ್ತಿದ್ದೆವು. ಫಲ ನೋಡಿ ಗುಣ ಕಟ್ಟುವುದು ಚರಿತ್ರೆ ಬರೆಯುವವರ ಹಳೆಯ ಚಾಳಿ. ಆ ಗುಂಡಿ ತೋಡಿದವರ ಹೆಸರಂತೂ ಎರಡೂ ಕಥೆಗಳಲ್ಲಿ ಇಲ್ಲ.

ಇನ್ನೊಂದು ಮಾತು. ಕಡಿಮೆ ಚಿನ್ನದ ಕಲ್ಲಿನಿಂದಲೂ ಲಾಭ ತೆಗೆಯಲು ದಾರಿ ಮಾಡಿದ ಸೈನೈಡ್ ವಿಧಾನ ಗ್ಲಾಸ್ಗೊದಲ್ಲಿ ರೂಪುಗೊಂಡದ್ದು 1887ರಲ್ಲಿ. ಅಷ್ಟರಲ್ಲಿ ದೇವಾಲದ ಬಹುಪಾಲು ಕಂಪನಿಗಳ ಕಥೆ ಮುಗಿದಿತ್ತು. ಕೋಲಾರಕ್ಕೆ ಅದು ಒದಗಿತು. ಗಣಿಯ ಸುತ್ತ, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳೂ ಬೆಳೆದವು. ಟನ್ನಿಗೆ ಒಂದು ಗ್ರಾಂ ಚಿನ್ನವೂ ಇಲ್ಲದ ಆ ದಿಬ್ಬಗಳನ್ನು ಮತ್ತೆ ಸೋಸುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದನ್ನು ಯಾರೂ ಹುಚ್ಚು ಎನ್ನುತ್ತಿಲ್ಲ.